ಸಿಸ್ಟರ್ ಪಾಲಿನ ಬನ್ನಿ

ರಂಗಂಪೇಟೆ

ನಮ್ಮ ಅಬ್ಬಾನಿಗೆ ಚೆನ್ನಾಗಿ ಗೊತ್ತಿರುವ ದೇಶಗಳು ಎರಡೇ. ಒಂದು ಸುರಪುರ, ಇನ್ನೊಂದು ನ್ಯೂಜಿಲೆಂಡ್. ಮೊದಲನೆಯದರಲ್ಲಿ ಹುಟ್ಟಿ ಮುದುಕರಾಗಿದ್ದಾರೆ. ಎರಡನೆಯದನ್ನು ಕಣ್ಣಿಂದ ಕಂಡಿಲ್ಲ. ಆದರೂ ಅಲ್ಲಿನ ಕಾಡಿನಲ್ಲಿ ಅವರನ್ನು ಬಿಟ್ಟು ಬಂದರೆ ಒಂದೊಂದು ಗಿಡವನ್ನೂ ಹೆಸರು ಹಿಡಿದು ಮಾತಾಡಿಸುತ್ತ ಆರಾಮಾಗಿ ಹೊರಗೆ ಬರುತ್ತಾರೆ. ಇದಕ್ಕೆಲ್ಲ ಕಾರಣ ಒಂದು ಪುಸ್ತಕ.

ಅಬ್ಬಾ ಯಾದಗಿರಿ ಕಡೆಯ ಒಂದು ಮಿಷನ್ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ಅವರು ಹೊಸದಾಗಿ ಕೆಲಸಕ್ಕೆ ಸೇರಿದ ಕಾಲಕ್ಕೆ ಅಲ್ಲಿ ನ್ಯೂಜಿಲೆಂಡಿನಿಂದ ಬಂದ ಜೋನ್ ಎಂಬ ನರ್ಸ್ ಇದ್ದರು. ಊರವರ ಬಾಯಲ್ಲಿ ಅವರು ಬರೀ ಸಿಸ್ಟರ್. ತಮ್ಮ ದೇಶದ ಗಿಡಮರಗಳ ಬಗ್ಗೆ ಯಾವುದೋ ಕಾಲದಲ್ಲಿ ಅಚ್ಚಾದ ದಪ್ಪ ಪುಸ್ತಕವೊಂದು ಅವರ ಜೊತೆಗಿತ್ತು. ಹಸಿರು ಬಟ್ಟೆಯ ರಟ್ಟು, ಕೈಯಲ್ಲಿ ಬರೆದಂಥ ಬಣ್ಣದ ಚಿತ್ರಗಳು, ಪ್ರತಿ ಚಿತ್ರದ ಮೇಲೂ ಉಳ್ಳಾಗಡ್ಡಿ ಸಿಪ್ಪೆಯಂಥ ತೆಳು ಕಾಗದ. ಮನೆ ನೆನಪಾದಾಗಲೆಲ್ಲ ಸಿಸ್ಟರ್ ಅದನ್ನು ತೆರೆದುಕೊಂಡು ಕೂರುತ್ತಿದ್ದರಂತೆ. ಒಮ್ಮೆ ತಾಯಿಗೆ ಕಾಯಿಲೆಯೆಂದು ಸುದ್ದಿ ಬಂದು ಅವಸರದಲ್ಲಿ ಊರಿಗೆ ಹೊರಟರು. ಪುಸ್ತಕ ದವಾಖಾನೆಯಲ್ಲೇ ಉಳಿಯಿತು. ಅವರಿಗೆ ಮತ್ತೆ ಬರಲಾಗಲಿಲ್ಲ. ಕಳಿಸಲೇನು ಎಂದು ಅಬ್ಬಾ ಬರೆದು ಕೇಳಿದರೆ, ನೀನೇ ಇಟ್ಟುಕೊಂಡು ಇಂಗ್ಲಿಷ್ ಕಲಿ ಎಂದು ಉತ್ತರ ಬಂತು.

ಅಬ್ಬಾ ಕಲಿತರು. ಹಾಗಾಗಿ ಅವರ ಇಂಗ್ಲಿಷಿನಲ್ಲಿ ಇವತ್ತಿಗೂ ಬೇರು, ತೊಗಟೆ, ಕಾಂಡಗಳೇ ಜಾಸ್ತಿ. ದವಾಖಾನೆಗೆ ಬಂದಿದ್ದ ದೊಡ್ಡ ಡಾಕ್ಟರೊಬ್ಬರಿಗೆ ನಮ್ಮ ಅಮ್ಮಿಯನ್ನು ಪರಿಚಯ ಮಾಡಿಸುವಾಗ, ‘ನನ್ನ ಹೆಂಡತಿ, ನಿತ್ಯಹರಿದ್ವರ್ಣ, ನೆರಳಿನಲ್ಲೂ ಚೆನ್ನಾಗಿ ಬೆಳೆಯುತ್ತಾಳೆ’ ಎಂದು ಇಂಗ್ಲಿಷಿನಲ್ಲಿ ಹೇಳಿದ್ದು ನಮ್ಮ ಮನೆಯ ಖಾಯಂ ನಗೆ. ಪುಸ್ತಕ ಹಾಳಾಗಬಾರದೆಂದು ಅವರು ಅದಕ್ಕೊಂದು ಹಳೆಯ ಎಕ್ಸ್‌ರೇ ಹಾಳೆಯ ಹೊದಿಕೆ ಹಾಕಿದ್ದರು. ಯಾರದೋ ಮುಂಗೈಯ ಎಲುಬುಗಳ ಮೇಲೆ ಕೈಯಿಟ್ಟೇ ನಾವು ಮಕ್ಕಳು ಆ ಪುಸ್ತಕ ತೆರೆಯುತ್ತಿದ್ದೆವು.

ಸಿಸ್ಟರ್ ಊರಿಗೆ ಹೊರಟುಹೋದ ವರ್ಷದ ದಸರಾಕ್ಕೆ ಇನ್ನೊಂದು ರೂಢಿ ಶುರುವಾಯಿತು. ನಮ್ಮ ಕಡೆ ದಸರಾದ ದಿನ ಬನ್ನಿ ಗಿಡದ ಎಲೆ ಕೊಟ್ಟು, ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಅನ್ನುತ್ತಾರೆ. ಅವತ್ತಿನ ಮಟ್ಟಿಗೆ ಆ ಎಲೆಯೇ ಬಂಗಾರ. ಅಬ್ಬಾ ಮುಸಲ್ಮಾನರು ಎಂದು ಯಾವ ಪೇಶಂಟೂ ಕೊಡದೆ ಹೋಗಲಿಲ್ಲ, ಅಬ್ಬಾನೂ ಎರಡೂ ಕೈ ಒಡ್ಡಿ ತಗೊಳ್ಳದೆ ಬಿಟ್ಟವರಲ್ಲ. ಆ ವರ್ಷ ದೇವಾಪುರದಿಂದ ಬಂದ ಒಬ್ಬ ಮುದುಕ ಎರಡು ಸಲ ಕೈಗೆ ಎಲೆ ಹಾಕಿದನಂತೆ. ‘ಇದು ನಿಮ್ಮದ್ರಿ ಸಾಹೇಬ್ರ. ಇದು ಸಿಸ್ಟರ್ ಅವರದ್ದು. ಬಂದಾಗ ಕೊಡ್ರಿ.’ ನೋಡಿದವರೆಲ್ಲ ಹಾಗೇ ಮಾಡತೊಡಗಿದರು. ಒಬ್ಬರ ಪಾಲಿನದನ್ನು ಇನ್ನೊಬ್ಬರು ಎಸೆಯಲಾಗದು. ಅಬ್ಬಾ ಅವನ್ನು ಸಿಸ್ಟರ್ ಪುಸ್ತಕದ ಹಾಳೆಗಳ ನಡುವೆ ಇಡುತ್ತ ಬಂದರು. ರಿಟೈರ್ ಆದ ಮೇಲೂ ಜನ ರಂಗಂಪೇಟೆಯ ಮನೆ ಹುಡುಕಿಕೊಂಡು ಬಂದು ಎರಡು ಪಾಲು ಕೊಡುವುದು ನಿಲ್ಲಲಿಲ್ಲ. ಪುಸ್ತಕ ಸುಗ್ಗಿಯ ಚೀಲದಂತೆ ಉಬ್ಬಿತು.

ಹೋದ ವರ್ಷ ಸಿಸ್ಟರ್ ಅವರ ಅಣ್ಣನ ಮಗಳು ಹೆಲೆನ್ ಫೋನ್ ಮಾಡಿದರು. ಅತ್ತೆಗೆ ಮರೆವು ಹತ್ತಿದೆ, ಆರೈಕೆ ಮನೆಯಲ್ಲಿದ್ದಾರೆ, ‘ನನ್ನ ಪುಸ್ತಕ ಎಲ್ಲಿ, ಇಂಡಿಯಾದಲ್ಲಿ ಬಿಟ್ಟೆ’ ಎಂದು ದಿನವೂ ಕೇಳುತ್ತಾರೆ, ಅದು ನಿಮ್ಮಲ್ಲಿದೆಯೇ? ಅಬ್ಬಾ ವೀಡಿಯೊ ಕಾಲಿನಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿದರು. ಸಿಸ್ಟರ್ ಅಬ್ಬಾನನ್ನು ಟಿವಿಯ ಸುದ್ದಿ ಓದುವವನೆಂಬಂತೆ ನೋಡಿ ಮುಖ ತಿರುಗಿಸಿದರು. ಅಬ್ಬಾನಿಗೆ ಅದು ನಾಟಿತು.

ಅಬ್ಬಾ ಮನೆಯಲ್ಲಿ ನಮ್ಮೊಂದಿಗೆ ಆಡುವುದು ದಖ್ಖನಿ ಉರ್ದು. ಆದರೆ ದವಾಖಾನೆಯ ವಿಷಯ ಬಂದರೆ ಬಾಯಿ ತಾನಾಗಿ ಕನ್ನಡಕ್ಕೆ ಹೊರಳುತ್ತದೆ.

‘ನೀ ತಗೊಂಡು ಹೋಗು ಬೇಟಾ,’ ಅಂದರು. ‘ಅವರಿಗಿ ಗುರುತು ಇರೋದ್ರಾಗ ಮುಟ್ಟಬೇಕು. ಪುಸ್ತಕ ಅಷ್ಟ ಅಲ್ಲ, ಅವರ ಪಾಲಿಂದು ಎಲ್ಲಾ ಅದರಾಗ ಅದ.’

‘ಪಾರ್ಸಲ್ ಮಾಡಿದ್ರ ಆಗ್ತದಲ್ಲ?’

‘ಬನ್ನಿ ಯಾರಾದ್ರೂ ಪೋಸ್ಟಿನಾಗ ಹಾಕ್ತಾರೇನು? ಕೈಯಾರ ಕೊಡಬೇಕು.’

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಸುರಪುರ, ಶಹಾಪುರ, ಯಾದಗಿರಿ, ಹೆಚ್ಚೆಂದರೆ ಹೈದರಾಬಾದು, ಇಷ್ಟರಲ್ಲೇ ನನ್ನ ಭೂಗೋಳ ಮುಗಿದಿತ್ತು. ದಸರಾ ರಜೆಗೆ ಇನ್ನಷ್ಟು ರಜೆ ಜೋಡಿಸಿ ಹೊರಟೆ.

ಆಕ್ಲೆಂಡ್: ತಪಾಸಣೆಯ ಮೇಜು

ನ್ಯೂಜಿಲೆಂಡಿನವರಿಗೆ ಬಾಂಬಿಗಿಂತ ಬೀಜದ ಹೆದರಿಕೆ ಹೆಚ್ಚು. ಹೊರಗಿನ ಗಿಡ, ಬೀಜ, ಹುಳ ಒಳಗೆ ಬಂದರೆ ತಮ್ಮ ಕಾಡು ಕೆಡುತ್ತದೆಂದು ವಿಮಾನ ಇಳಿಯುತ್ತಲೇ ಎಲ್ಲರ ಸಾಮಾನು ಶೋಧಿಸುತ್ತಾರೆ. ಇದು ನನಗೆ ಮೊದಲೇ ಗೊತ್ತಿತ್ತು. ಉಪ್ಪಿನಕಾಯಿ ಬಿಟ್ಟು ಬಂದಿದ್ದೆ. ಶೇಂಗಾ ಚಟ್ನಿಪುಡಿ ಇದೆ ಎಂದು ಮೊದಲೇ ಬರೆದು ತೋರಿಸಿದ್ದೆ. ಇಷ್ಟೆಲ್ಲ ಹುಷಾರಿಯ ನಡುವೆ ಪುಸ್ತಕದಲ್ಲಿ ಎಲೆಗಳಿವೆ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಯಾಕೆ ಹೊಳೆಯಲಿಲ್ಲ ಎಂದು ಆಮೇಲೆ ಬಹಳ ಯೋಚಿಸಿದೆ. ನನ್ನ ಲೆಕ್ಕದಲ್ಲಿ ಸೊಪ್ಪು ಸೊಪ್ಪು, ತರಕಾರಿ ತರಕಾರಿ, ಬನ್ನಿ ಇವೆರಡರಲ್ಲೂ ಬರುವುದಿಲ್ಲ. ಒಮ್ಮೆ ಕೈಗೆ ಬಂದ ಮೇಲೆ ಅದು ಗಿಡದ್ದಲ್ಲ, ಕೊಟ್ಟವರದ್ದು.

ತಪಾಸಣೆ ಮಾಡುತ್ತಿದ್ದ ಅಧಿಕಾರಿ ನನ್ನ ವಯಸ್ಸಿನ ಹೆಂಗಸು, ಗಟ್ಟಿ ಮೈಕಟ್ಟು, ಮೆಲು ಮಾತು. ಚಟ್ನಿಪುಡಿ ಮೂಸಿ ನೋಡಿ ಸೀನಿ ವಾಪಸು ಕೊಟ್ಟರು. ಆಮೇಲೆ ಪುಸ್ತಕ ತೆಗೆದರು. ಹೊದಿಕೆಯ ಮೇಲೆ ಐದು ಬೆರಳಿನ ಎಲುಬು ಕಂಡು ಹುಬ್ಬು ಏರಿಸಿದರು. ತೆರೆದರು. ಒಂದು ಹಾಳೆಯಿಂದ ಒಣಗಿದ ಬನ್ನಿ ಮೇಜಿನ ಮೇಲೆ ಉದುರಿತು. ಇನ್ನೊಂದು ಹಾಳೆ, ಇನ್ನಷ್ಟು ಬನ್ನಿ.

‘ಇದೇನು?’

ನನಗೆ ಬಾಯಿಗೆ ಬಂದದ್ದು ಒಂದೇ. ‘ನಮ್ಮಲ್ಲಿ ಇದನ್ನು ಬಂಗಾರ ಅನ್ನುತ್ತೇವೆ.’

‘ಬಂಗಾರವಾದರೂ ಹೇಳಬೇಕಾಗುತ್ತದೆ,’ ಎಂದರು ಆಕೆ, ನಗದೆ.

ಆಮೇಲೆ ನಾನು ಎಲ್ಲವನ್ನೂ ಹೇಳಿದೆ. ದಸರಾ, ಸಿಸ್ಟರ್, ದೇವಾಪುರದ ಮುದುಕ, ಎರಡು ಪಾಲು. ನನ್ನ ಇಂಗ್ಲಿಷ್ ಎಲ್ಲಿ ನಿಂತಿತೋ ಅಲ್ಲಿಂದ ಕಣ್ಣೀರು ಮುಂದುವರಿಸಿತು. ಆಕೆ ಪೂರ್ತಿ ಕೇಳಿದರು, ಹಿಂದೆ ಸಾಲು ಬೆಳೆಯುತ್ತಿದ್ದರೂ ಅವಸರ ಮಾಡಲಿಲ್ಲ. ಕೇಳಿ, ಎಲೆಗಳನ್ನು ಬಿಡಲು ಬರುವುದಿಲ್ಲ, ಸುಡಬೇಕಾಗುತ್ತದೆ ಎಂದರು. ಹಳೆಯ ಪುಸ್ತಕದಲ್ಲಿ ಹುಳದ ಮೊಟ್ಟೆ, ಬೀಜ ಇರಬಹುದಾದ್ದರಿಂದ ಅದನ್ನು ಶುದ್ಧಿಗೆ ಕಳಿಸಬೇಕು, ಯಾವಾಗ ಬರುತ್ತದೆಂದು ಈಗ ಹೇಳಲಾಗದು ಎಂದರು. ದಂಡದ ಮಾತು ಬಂದು ಹಾಗೇ ತೇಲಿ ಹೋಯಿತು.

‘ಅವರು ಎಲ್ಲಿದ್ದಾರೆ, ನಿಮ್ಮ ಸಿಸ್ಟರ್?’

‘ಟೌಪೊದಲ್ಲಿ.’

‘ಅಲ್ಲಿನ ವಿಳಾಸ ಕೊಡಿ. ನೀವಿರುವಷ್ಟರಲ್ಲಿ ಮುಟ್ಟಿಸಲು ನೋಡುತ್ತೇನೆ.’

ಆಕೆ ಒಂದು ಬಿಳಿ ಬಟ್ಟೆ ಹಾಸಿ ಒಂದೊಂದೇ ಎಲೆಯನ್ನು ಚಿಮುಟದಿಂದ ತೆಗೆದು ಇಟ್ಟರು. ಪುಡಿ ಮಾಡದೆ, ಮುರಿಯದೆ. ಸುಡಬೇಕಾದ ವಸ್ತುವಿಗೆ ಅಷ್ಟು ಮರ್ಯಾದೆ ಕೊಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಡೆಗೆ ನನ್ನ ಚಪ್ಪಲಿ ಕೇಳಿದರು. ಅಡಿಯಲ್ಲಿ ನಮ್ಮ ಹೊಲದ ಎರೆಮಣ್ಣು ಅಂಟಿತ್ತು, ಅದು ಅಂಟಿದರೆ ಸುಮ್ಮನೆ ಬಿಡುವ ಮಣ್ಣಲ್ಲ. ಒಳಗೆ ಒಯ್ದು ಬ್ರಶ್ ಹಾಕಿ ತಿಕ್ಕಿ, ತೊಳೆದು, ಒರೆಸಿ ತಂದು ಕಾಲ ಬಳಿ ಇಟ್ಟರು. ಸರ್ಕಾರಿ ಅಧಿಕಾರಿಯೊಬ್ಬರು ನನ್ನ ಚಪ್ಪಲಿ ತೊಳೆದುಕೊಟ್ಟರು ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಹೇಳಿದರೆ ಇವತ್ತಿಗೂ ಯಾರೂ ನಂಬುತ್ತಿಲ್ಲ.

ಬರಿಗೈಯಲ್ಲಿ ಹೊರಗೆ ಬಂದೆ. ಇಷ್ಟು ಜನ ನಂಬಿ ಕೊಟ್ಟದ್ದನ್ನು ಸಿಸ್ಟರ್ ದೇಶದ ಬಾಗಿಲಲ್ಲೇ ಕಳೆದುಕೊಂಡಿದ್ದೆ. ಅಬ್ಬಾನಿಗೆ ಫೋನ್ ಮಾಡಿ ‘ಸುಖವಾಗಿ ಇಳಿದೆ’ ಎಂದಷ್ಟೇ ಹೇಳಿದೆ.

ಟೌಪೊದ ಬಸ್ಸು

ಬಸ್ಸಿನಲ್ಲಿ ನನಗೆ ಮೊದಲು ವಿಚಿತ್ರ ಕಂಡದ್ದು ಮೌನ. ಸುರಪುರದಿಂದ ಶಹಾಪುರಕ್ಕೆ ಹೋಗುವಷ್ಟರಲ್ಲಿ ನಮ್ಮ ಬಸ್ಸಿನಲ್ಲಿ ಎರಡು ಸಂಬಂಧ ಕುದುರಿ ಒಂದು ಮುರಿದು ಬಿದ್ದಿರುತ್ತದೆ. ಇಲ್ಲಿ ಜನ ಉಸಿರಾಡುವುದನ್ನೂ ಕೇಳಿಸಗೊಡುವುದಿಲ್ಲ. ಆದರೆ ಇಳಿಯುವಾಗ ಪ್ರತಿಯೊಬ್ಬರೂ, ಕಿವಿಗೆ ವೈರು ಸಿಕ್ಕಿಸಿಕೊಂಡ ಪಡ್ಡೆ ಹುಡುಗರೂ ಸಹ, ಡ್ರೈವರನಿಗೆ ಥ್ಯಾಂಕ್ಯೂ ಹೇಳಿ ಇಳಿಯುತ್ತಾರೆ. ಮುಂದಿನ ಬಾಗಿಲಿನವರು ಮೆಲ್ಲಗೆ, ಹಿಂದಿನ ಬಾಗಿಲಿನವರು ಕೂಗಿ. ನನ್ನ ಸರದಿ ಬಂದಾಗ ನಾಚಿಕೆಯಾಗಿ, ಏನು ಹೇಳುತ್ತಿದ್ದೇನೆಂದು ತಿಳಿಯದೆ ‘ಬರ್ತೀನ್ರಿ’ ಎಂದುಬಿಟ್ಟೆ. ಡ್ರೈವರ್ ಗಂಭೀರವಾಗಿ ತಲೆಯಾಡಿಸಿದ. ಊರಿಗೆ ಬಂದ ಮೇಲೆ ಕೆಂಭಾವಿ ಬಸ್ಸಿನಲ್ಲಿ ನಾನೂ ಇದನ್ನು ಪ್ರಯೋಗ ಮಾಡಿದೆ. ಡ್ರೈವರ್ ಗಾಬರಿಯಾಗಿ, ‘ಯಾಕ್ರಿ ಮೇಡಂ, ಏನಾತ್ರಿ? ಸ್ಟಾಪ್ ತಪ್ಪಿತೇನ್ರಿ?’ ಎಂದು ಕೇಳಿದ.

ಟೌಪೊದಲ್ಲಿ ಊರಿಗಿಂತ ಕೆರೆ ದೊಡ್ಡದು. ಕೆರೆ ಅನ್ನುವುದು ನನ್ನ ಮಾತು, ಆಚೆ ದಂಡೆ ಕಾಣುವುದೇ ಕಷ್ಟ. ದೂರದಲ್ಲಿ ಹಿಮ ಹೊತ್ತ ಬೆಟ್ಟಗಳು. ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಗುಡ್ಡ ನೋಡಿ ಬೆಳೆದವಳಿಗೆ ಯಾವ ಬೆಟ್ಟ ಕಂಡರೂ ಮೂಗು, ಗದ್ದ, ಎದೆ ಹುಡುಕುವ ಚಾಳಿ. ಇಲ್ಲಿನವು ಯಾವುದಕ್ಕೂ ಬಗ್ಗಲಿಲ್ಲ, ಬರೀ ಬೆಟ್ಟವಾಗಿಯೇ ನಿಂತಿದ್ದವು.

ಹೆಲೆನ್ ಬಸ್ ಸ್ಟಾಂಡಿಗೆ ಬಂದಿದ್ದರು, ಬರಿಗಾಲಲ್ಲಿ. ಮನೆಯಲ್ಲಿ ಏನೋ ಆಗಿ ಹಾಗೇ ಓಡಿ ಬಂದಿರಬೇಕೆಂದು ಹೆದರಿದೆ. ಆಮೇಲೆ ಅಂಗಡಿಗೆ ಹೋದರೆ ಅಲ್ಲೂ ಅರ್ಧ ಊರು ಬರಿಗಾಲಲ್ಲೇ ಹಾಲು, ಬ್ರೆಡ್ಡು ಕೊಳ್ಳುತ್ತಿದೆ. ನಮ್ಮಲ್ಲಿ ಹೀಗೆ ನಡೆದರೆ ಹರಕೆ ಹೊತ್ತಿದ್ದಾರೆ ಅನ್ನುತ್ತಾರೆ. ಪುಸ್ತಕದ ಗತಿ ಹೇಳಿದಾಗ ಹೆಲೆನ್ ‘ಪರವಾಗಿಲ್ಲ’ ಎಂದರು. ಅವರು ಎಲ್ಲಕ್ಕೂ ಅದನ್ನೇ ಅನ್ನುತ್ತಾರೆ. ಆದರೆ ಅವರ ಮುಖ ಸಣ್ಣದಾದದ್ದು ನನಗೆ ಕಂಡಿತು. ಅತ್ತೆ ದಿನದಿಂದ ದಿನಕ್ಕೆ ದೂರ ಹೋಗುತ್ತಿದ್ದಾರೆ, ಪುಸ್ತಕ ಬರುವಷ್ಟರಲ್ಲಿ ಅದು ಏನೆಂದು ತಿಳಿಯುತ್ತದೋ ಇಲ್ಲವೋ ಎಂದರು.

ಆರೈಕೆ ಮನೆ

ಕೆರೆಗೆ ಮುಖ ಮಾಡಿದ ಕಿಟಕಿ. ಅದರ ಪಕ್ಕ ಕುರ್ಚಿಯಲ್ಲಿ ಸಿಸ್ಟರ್. ಅಬ್ಬಾನ ಬಳಿಯ ಹಳೆಯ ಫೋಟೋದಲ್ಲಿ ಕಂಡ ಎತ್ತರದ ಹೆಂಗಸು ಕುಗ್ಗಿ ಹಕ್ಕಿಯಂತಾಗಿದ್ದರು. ಹೆಲೆನ್ ಇಂಗ್ಲಿಷಿನಲ್ಲಿ ನನ್ನ ಪರಿಚಯ ಹೇಳಿದರು. ಉತ್ತರವಿಲ್ಲ. ಊಟ ಬಂತು, ಸಿಸ್ಟರ್ ಕೆರೆಯಿಂದ ಕಣ್ಣು ತೆಗೆಯಲಿಲ್ಲ. ಇಲ್ಲಿಯವರೆಗೆ ಬಂದದ್ದು ವ್ಯರ್ಥವಾಯಿತೇ ಎನಿಸಿತು. ಸುಮ್ಮನಿರಲಾರದೆ, ಮನೆಗೆ ಬಂದ ಹಿರಿಯರನ್ನು ಕೇಳುವ ಹಾಗೆ ಕೇಳಿದೆ.

‘ಸಿಸ್ಟರ್, ಆರಾಮದೀರೇನ್ರಿ?’

ಅವರ ತಲೆ ಪಟ್ಟನೆ ತಿರುಗಿತು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

‘ಆರಾಮ ಇದ್ದವರು ದವಾಖಾನಿಗಿ ಯಾಕ ಬರ್ತಾರ? ಕೂಡು. ನಾಲಗಿ ತಗಿ.’

ನಾನು ತೆಗೆದೆ. ಬೇರೇನು ಮಾಡಲಿ? ಸುತ್ತಲಿನ ಮುದುಕ ಮುದುಕಿಯರು, ಚಹಾ ತಂದ ಹುಡುಗಿ, ಹೆಲೆನ್, ಎಲ್ಲರೂ ನಿಂತಲ್ಲೇ ನಿಂತರು. ವಾರಗಟ್ಟಲೆ ನೆಟ್ಟಗೆ ಒಂದು ಮಾತಾಡದವರು ಯಾವುದೋ ಭಾಷೆಯಲ್ಲಿ ಸಲೀಸಾಗಿ ಗದರುತ್ತಿದ್ದರು.

‘ಎಷ್ಟು ದಿನ ಆತು?’

‘ಏನ್ರಿ?’

‘ಜ್ವರ ಬಂದು.’

‘ನಿನ್ನಿಯಿಂದ್ರಿ,’ ಎಂದು ಸುಳ್ಳು ಹೇಳಿದೆ.

‘ನಿನ್ನಿ ಅಲ್ಲ. ನಾಕು ದಿನ ಆಗ್ಯಾದ. ನೀವು ಎಲ್ಲಾರೂ ಹಿಂಗ, ತಡಾ ಮಾಡಿ ಬರ್ತೀರಿ. ನೀರು ಕಾಸಿ ಕುಡಿ.’

ಅವರ ಬೆರಳುಗಳು ನನ್ನ ಮಣಿಕಟ್ಟು ಹುಡುಕಿ ನಾಡಿ ಹಿಡಿದವು. ಆ ಹಿಡಿತ ಸ್ವಲ್ಪವೂ ನಡುಗುತ್ತಿರಲಿಲ್ಲ. ನಮ್ಮ ಭಾಗದ ಎಷ್ಟು ಜನ ಈ ಬೆರಳುಗಳಿಂದ ಮನೆಗೆ ನಡೆದು ಹೋಗಿದ್ದಾರೋ ಎಂದು ನೆನೆದು ಮನಸ್ಸು ತುಂಬಿ ಬಂತು. ನಾನು ಬಗ್ಗಿ ಆ ಕೈಗೆ ಹಣೆ ಮುಟ್ಟಿಸಿದೆ. ‘ಅಳಬ್ಯಾಡ, ಸೂಜಿ ಮಾಡಂಗಿಲ್ಲ,’ ಅಂದರು.

ಕಾರಿನಲ್ಲಿ ಹೆಲೆನ್, ‘ನಾವೆಲ್ಲ ಅವರ ಜೊತೆ ತಪ್ಪು ಭಾಷೆಯಲ್ಲಿ ಮಾತಾಡುತ್ತಿದ್ದೆವು,’ ಎಂದರು. ಅಬ್ಬಾ ಕೂಡ ಮರ್ಯಾದೆಗೆಂದು ಇಂಗ್ಲಿಷೇ ಆಡಿದ್ದರಲ್ಲ ಎಂದು ನೆನಪಾಗಿ ನನಗೆ ನಗು, ಅಳು ಎರಡೂ ಬಂದವು.

ಬನ್ನಿ ಇಲ್ಲದ ದಸರಾ

ದಿನಗಳು ಕಳೆದವು, ಪುಸ್ತಕದ ಸುಳಿವಿಲ್ಲ. ದಿನವೂ ಹೋಗಿ ಸಿಸ್ಟರ್ ಎದುರು ಪೇಶಂಟ್ ಆಗಿ ಕೂರುತ್ತಿದ್ದೆ. ಒಂದು ದಿನ ಜ್ವರ, ಒಂದು ದಿನ ಕೆಮ್ಮು. ಕೆಲವು ದಿನ ಅವರಿಗೆ ಮಾತೇ ಇಲ್ಲ, ಕನ್ನಡವೂ ಮುಟ್ಟುತ್ತಿರಲಿಲ್ಲ. ಅಂಥ ದಿನ ಹೆಲೆನ್ ಮತ್ತು ನಾನು ಕಿಟಕಿಯಾಚೆ ನೋಡುತ್ತ ಕೂರುತ್ತಿದ್ದೆವು. ನಡುನಡುವೆ ಸಿಸ್ಟರ್ ‘ಪುಸ್ತಕ’ ಅನ್ನುತ್ತಿದ್ದರು. ನಾನು ‘ಬರಾಕತ್ತದ್ರಿ’ ಅನ್ನುತ್ತಿದ್ದೆ.

ಅಕ್ಟೋಬರ್ ಅವರಿಗೆ ವಸಂತ. ನಮ್ಮಲ್ಲಿ ಆಗ ಬಿಸಿಲು ಇನ್ನೊಮ್ಮೆ ತಲೆಯೆತ್ತಿ ಹತ್ತಿ ಒಡೆಯುವ ಹೊತ್ತು. ಕೆರೆಯ ದಂಡೆಗುಂಟ ಒಂದು ಮರ ಮೈತುಂಬ ಹಳದಿ ಹೂ ಬಿಟ್ಟು ನಿಂತಿತ್ತು. ನೋಡುತ್ತಲೇ ಗುರುತು ಹಿಡಿದೆ, ಕೋವಾಯ್! ಪುಸ್ತಕದಲ್ಲಿ ನಾವು ಮಕ್ಕಳು ಬೆರಳಿಟ್ಟು ಇಟ್ಟು ಹಾಳೆಯ ಮೂಲೆ ಕಪ್ಪಾಗಿದ್ದ ಚಿತ್ರ ಅದು. ಚಿತ್ರದಲ್ಲಿ ಇಲ್ಲದ್ದು ಒಂದಿತ್ತು: ಕುತ್ತಿಗೆಗೆ ಬಿಳಿ ಗೊಂಡೆ ಕಟ್ಟಿಕೊಂಡಂಥ ಕರಿ ಹಕ್ಕಿಯೊಂದು ಹೂವಿಗೆ ತಲೆಕೆಳಗಾಗಿ ಜೋತು ಜೇನು ಕುಡಿದು, ಒಮ್ಮೆ ಗಂಟೆ ಬಾರಿಸಿದಂತೆ, ಒಮ್ಮೆ ಬಾಗಿಲು ಕಿರುಗುಟ್ಟಿದಂತೆ ಕೂಗುತ್ತಿತ್ತು. ಎಲೆಗಳು ಸಣ್ಣ ಸಣ್ಣವು, ಕಡ್ಡಿಯ ಎರಡೂ ಬದಿಗೆ ಸಾಲಾಗಿ, ಥೇಟ್ ನಮ್ಮ ಬನ್ನಿಯ ದಾಯಾದಿಯಂತೆ.

ದಸರಾದ ದಿನ ಹೆಲೆನ್ ಅಂಗಳದ ಕೋವಾಯಿಯಿಂದ ಎರಡು ಕಡ್ಡಿ ಕೀಳಲೇ ಎಂದು ಕೇಳಿದೆ.

‘ನನ್ನನ್ನಲ್ಲ, ಮರವನ್ನು ಕೇಳು,’ ಎಂದರು. ಇದನ್ನು ಕಲಿಸಿದ್ದು ಪಕ್ಕದ ಮನೆಯ ಅಜ್ಜಿಯಂತೆ, ಅಲ್ಲಿನ ಮೂಲನಿವಾಸಿ ಮಾವೋರಿ ಜನದವರು.

ನಮ್ಮೂರವರೂ ಬನ್ನಿ ಗಿಡಕ್ಕೆ ಸುತ್ತು ಬಂದು ಕೈಮುಗಿದೇ ಎಲೆ ಮುಟ್ಟುತ್ತಾರೆ. ಆದರೆ ನಾನು ಎಂದೂ ಕಿತ್ತವಳಲ್ಲ. ನಮ್ಮ ಮನೆಗೆ ಬನ್ನಿ ಬರುತ್ತದೆ, ನಮ್ಮ ಮನೆಯಿಂದ ಹೋಗುವುದಿಲ್ಲ. ತಗೊಳ್ಳುವ ಕೈಯಾಗಿ ಇಷ್ಟು ವರ್ಷ ಕಳೆದವಳು ಅವತ್ತು ಮೊದಲ ಸಲ ಕೊಡುವ ಕೈಯಾದೆ. ಮರಕ್ಕೆ ಸಲಾಂ ಹೇಳಿ, ಬೇಕಾದಷ್ಟೇ ಕಿತ್ತು, ಹೆಲೆನ್ ಅಂಗೈಗೆ ಹಾಕಿ ‘ಬಂಗಾರದಂಗ ಇರೂಣು’ ಎಂದೆ. ಅರ್ಥ ಹೇಳಿದ ಮೇಲೆ ಅವರು ಅದನ್ನು ಮೊಬೈಲಿನ ಕವರಿನೊಳಗೆ ಇಟ್ಟುಕೊಂಡರು. ಆರೈಕೆ ಮನೆಯಲ್ಲೂ ಎಲ್ಲರಿಗೂ ಹಂಚಿದೆ. ಒಬ್ಬ ಮುದುಕ ಟೋಪಿಗೆ ಸಿಕ್ಕಿಸಿಕೊಂಡ, ಒಬ್ಬಾಕೆ ಚಹಾಕ್ಕೆ ಹಾಕಿಕೊಳ್ಳಲು ಹೋದಾಗ ನಾನು ತಡೆಯಬೇಕಾಯಿತು. ಸಿಸ್ಟರ್ ಮಾತ್ರ ಇಡೀ ದಿನ ಮಲಗಿಯೇ ಇದ್ದರು.

ಅವತ್ತು ಅಬ್ಬಾನ ಫೋನು ಬಂತು. ಜನ ಬಂದಿದ್ದಾರೆ, ಎರಡು ಪಾಲು ಕೊಟ್ಟಿದ್ದಾರೆ, ಪುಸ್ತಕ ಇಲ್ಲವಲ್ಲ, ಸಿಸ್ಟರ್ ಪಾಲಿನದನ್ನು ಎಲ್ಲಿಡಲಿ ಎಂದು ಕೇಳಿದರು. ಇನ್ನು ಮುಚ್ಚಿಡಲಾಗಲಿಲ್ಲ. ಎಲೆಗಳನ್ನು ಸುಟ್ಟ ವಿಷಯ ಹೇಳಿಬಿಟ್ಟೆ. ಅಬ್ಬಾ, ‘ಅವರ ಕಾಯ್ದೆ ಅವರು ಮಾಡ್ಯಾರ. ನೀ ಊಟ ಮಾಡಿದಿ ಇಲ್ಲ?’ ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಪುಸ್ತಕ ಬಂದ ದಿನ

ನಾನು ಹೊರಡುವ ಹಿಂದಿನ ದಿನ ಪಾರ್ಸಲ್ ಬಂತು. ಎಕ್ಸ್‌ರೇ ಹೊದಿಕೆ ಸಹ ಮಡಿಕೆ ತಪ್ಪದೆ ಹಾಗೇ ಕೂತಿತ್ತು. ಪುಸ್ತಕ ತೆಳ್ಳಗಾಗಿತ್ತು. ತೆರೆದು ನೋಡಿದೆ. ಎಲೆ ಒಂದೂ ಇರಲಿಲ್ಲ. ಆದರೆ ಹಾಳೆ ಹಾಳೆಯ ಮೇಲೂ ಅವುಗಳ ಗುರುತಿತ್ತು. ಇಷ್ಟು ವರ್ಷ ಒತ್ತಿ ಕೂತದ್ದಕ್ಕೆ ಪ್ರತಿ ಎಲೆಯೂ ಕಾಗದದ ಮೇಲೆ ತನ್ನ ಕಂದು ಅಚ್ಚು ಬಿಟ್ಟಿತ್ತು, ಕಡ್ಡಿ ಸಮೇತ, ದಳ ಸಮೇತ. ಹಳದಿ ಕೋವಾಯ್ ಚಿತ್ರದ ಮೇಲೂ ಬನ್ನಿಯ ನೆರಳು ಬಿದ್ದಿತ್ತು. ಇದನ್ನು ಯಾವ ಬೆಂಕಿಯೂ ತೆಗೆಯಲಾರದು. ನಾನು ಹೆಲೆನ್ ಕೈ ಹಿಡಿದು ಅಡುಗೆಮನೆಯಲ್ಲೇ ಗಟ್ಟಿಯಾಗಿ ಅತ್ತೆ, ಸಂತೋಷಕ್ಕೆ.

ಮಧ್ಯಾಹ್ನ ಸಿಸ್ಟರ್ ಎಚ್ಚರಾಗಿದ್ದರು. ತೊಡೆಯ ಮೇಲೆ ಪುಸ್ತಕ ಇಟ್ಟೆ.

‘ತಗೋರ್ರಿ ಸಿಸ್ಟರ್, ನಿಮ್ಮ ಪುಸ್ತಕ. ಒಳಗ ನಿಮ್ಮ ಪಾಲಿನ ಬನ್ನಿ ಅದ.’

ಹಾಳೆ ತಿರುವಿದರು. ಚಿತ್ರ ನೋಡಲಿಲ್ಲ. ಕಂದು ಗುರುತಿನ ಮೇಲೆ ಬೆರಳು ಆಡಿಸಿದರು. ಇನ್ನೊಂದು ಹಾಳೆ. ಇನ್ನೊಂದು. ಆಮೇಲೆ ಅವರು ಪುಸ್ತಕ ಮುಚ್ಚಿ ನನ್ನ ಕಡೆ ದೂಡಿದರು.

‘ಇದು ಬ್ಯಾಡ.’

‘ನಿಮ್ಮದ್ರಿ ಇದು. ನೀವ ಕೇಳಿದ್ದಿರಿ.’

‘ಪುಸ್ತಕ ಇದ್ದಲ್ಲಿ ಕೂಸು ಇತ್ತು. ಕೂಸು ಎಲ್ಲಿ?’

ನನಗೆ ಅರ್ಥವಾಗಲಿಲ್ಲ. ಯಾವ ಕೂಸು ಎಂದು ಕೇಳಿದೆ.

‘ಕೆಂಭಾವಿ ನೀಲವ್ವಂದು,’ ಎಂದರು, ನನ್ನ ದಡ್ಡತನಕ್ಕೆ ಬೇಸತ್ತವರಂತೆ. ‘ಎದಿ ಕಟ್ಟಿತ್ತು. ದನಿ ಇಲ್ಲ. ಅದರ ಬಾಜೂ ಕೂತು ನಾ ಓದ್ತಿದ್ದೆ. ಗಾಡಿ ಬಂತು ಅಂತ ಕರದ್ರು, ಪುಸ್ತಕ ಅಲ್ಲೇ ಇಟ್ಟು ಬಂದೆ. ಅಲ್ಲೀತನ ಅದು ಅತ್ತಿರಲಿಲ್ಲ.’ ನನ್ನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದರು. ‘ಅತ್ತಿತೇನು?’

ಹೆಲೆನ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಎಲ್ಲರೂ ಪುಸ್ತಕವನ್ನೇ ಹುಡುಕಿದ್ದೆವು. ಈ ತಾಯಿ ಕೇಳುತ್ತಿದ್ದದ್ದು ಪುಸ್ತಕದ ಪಕ್ಕ ಮಲಗಿದ್ದ ಮಗುವನ್ನು. ಆ ಮಗುವಿನ ಗತಿ ನನಗೇನು ಗೊತ್ತು? ಅದು ನನಗಿಂತ ಮೊದಲು ಹುಟ್ಟಿದ್ದು. ಉಳಿದಿರದಿದ್ದರೆ ಏನು ಹೇಳುವುದು?

ರಂಗಂಪೇಟೆಯಲ್ಲಿ ಆಗ ಬೆಳಗಿನ ಚಹಾದ ಹೊತ್ತು. ಅಬ್ಬಾ ಒಂದೇ ರಿಂಗಿಗೆ ಎತ್ತಿದರು. ಕೇಳಿದೆ.

‘ಅಯ್ಯ, ಆ ಸುದ್ದಿ ನಾ ಆವಾಗ ಕಾಗದದಾಗ ಬರದು ಹಾಕಿದ್ದೆನಲ್ಲ. ಮರ್ತಾರ ಪಾಪ,’ ಎಂದರು. ‘ಮತ್ತೊಮ್ಮೆ ಹೇಳಿದ್ರಾತು. ಫೋನ್ ಕೊಡು ಅವರಿಗಿ.’

‘ಇಂಗ್ಲಿಷ್ ಬ್ಯಾಡ ಅಬ್ಬಾ. ಕನ್ನಡದಾಗ ಹೇಳ್ರಿ.’

ಫೋನನ್ನು ಸಿಸ್ಟರ್ ಕಿವಿಗೆ ಹಿಡಿದೆ. ಅಬ್ಬಾನ ದನಿ ಕೋಣೆಗೆಲ್ಲ ಕೇಳುತ್ತಿತ್ತು, ದೂರ ಹೆಚ್ಚಿದಷ್ಟೂ ಗಟ್ಟಿಯಾಗಿ ಮಾತಾಡಬೇಕೆಂಬುದು ಅವರ ನಂಬಿಕೆ.

‘ಸಿಸ್ಟರ್, ನಾ ಕಂಪೌಂಡರ್ ಮಾತಾಡಾಕತ್ತೀನ್ರಿ. ನೀಲವ್ವನ ಕೂಸು ನೀವು ಹೋದ ಮರುದಿನ ಅತ್ತಿತ್ರಿ. ಎಂಥಾ ಅಳು ಅಂತೀರಿ, ವಾರ್ಡಿನಾಗ ಯಾರೂ ಮಲಗಲಿಲ್ಲ. ದೇವಮ್ಮ ಅಂತ ಹೆಸರು ಇಟ್ರು. ಈಗ ಅಕಿಗಿ ಮೊಮ್ಮಕ್ಕಳು ಅದಾವ್ರಿ. ಕೆಂಭಾವಿ ಸಂತ್ಯಾಗ ಕಾಯಿಪಲ್ಲೆ ಮಾರ್ತಾಳ. ಅಕಿ ಒದರಾಕ ನಿಂತಳಂದ್ರ ಅರ್ಧ ಸಂತಿ ಕಿವಿ ಮುಚ್ಕೋತದ್ರಿ. ಮೊನ್ನೆ ದಸರಾಕ್ಕೂ ಬಂದಿದ್ಳು, ನಿಮ್ಮ ಪಾಲಿಂದು ಕೊಟ್ಟು ಹೋಗ್ಯಾಳ.’

ಸಿಸ್ಟರ್ ಕೇಳಿದರು. ನಾನು ಫೋನ್ ತೆಗೆದ ಮೇಲೂ ಕೇಳುತ್ತಲೇ ಇದ್ದರು. ಮೆಲ್ಲಗೆ ಅವರ ಭುಜ ಸಡಿಲಾಯಿತು, ನನ್ನ ಮಣಿಕಟ್ಟು ಬಿಟ್ಟರು. ಎರಡೂ ಅಂಗೈಯನ್ನು ಸೆರಗಿಗೆ ಒರೆಸಿಕೊಳ್ಳುವವರಂತೆ ಸ್ವೆಟರಿಗೆ ಒರೆಸಿಕೊಂಡರು. ಬಾಗಿಲ ಕಡೆ ತಿರುಗಿ, ಕುರ್ಚಿಯಲ್ಲಿ ನೆಟ್ಟಗೆ ಕೂತರು.

‘ಛಲೋ ಆತು,’ ಎಂದರು. ‘ಮುಂದಿನವರನ್ನ ಕಳಸು.’